ಬೇರಿನ ತುದಿ

22 ಜುಲೈ 2025, ಮಂಗಳವಾರ
ಉಡುಪಿ

ಮಣಿಪಾಲದಲ್ಲಿ ಹಲ್ಲಿನ ಆಪರೇಶನ್ ಮುಗಿಸಿ ಮಧ್ಯಾಹ್ನ ಬಂದವಳು ಕೆನ್ನೆಗೆ ಐಸ್ ಒತ್ತಿಕೊಂಡು ಕೂತಿದ್ದೇನೆ. ಮಾತಾಡಲು ಆಗುವುದಿಲ್ಲ, ಬರೆಯಬಹುದಲ್ಲ.

ಮೇಲಿನ ಎದುರು ಹಲ್ಲಿಗೆ ಹಿಂದೆಯೇ ರೂಟ್ ಕೆನಾಲ್ ಆಗಿ, ಬೇರಿನೊಳಗೆ ಪೋಸ್ಟ್, ಅಂದರೆ ಕ್ಯಾಪಿಗೆ ಆಧಾರದ ಕಡ್ಡಿ, ಕೂರಿಸಿ ಕ್ಯಾಪ್ ಹಾಕಿದ್ದರು. ಅದರ ಮೇಲಿನ ವಸಡಿನಲ್ಲಿ ಸಣ್ಣ ಗುಳ್ಳೆ ಏಳುವುದು, ಒಡೆದು ಬಾಯೆಲ್ಲ ಉಪ್ಪುಪ್ಪಾಗುವುದು, ಮತ್ತೆ ಏಳುವುದು. ನೋವು ಮಾತ್ರ ಇಲ್ಲ. ನೋವಿಲ್ಲದ್ದಕ್ಕೆ ಆಪರೇಶನ್ ಎಂಥದ್ದು ಅಂತ ಅತ್ತೆಯ ವಾದ. ಕೀವು ಹೊರಬರಲು ದಾರಿ ಮಾಡಿಕೊಂಡಿದೆ, ಒತ್ತಡ ಕಟ್ಟುವುದಿಲ್ಲ, ಅದಕ್ಕೇ ನೋವಿಲ್ಲ ಎಂದರು ಡಾಕ್ಟರು. ಎಕ್ಸ್‌ರೇಯಲ್ಲಿ ಬೇರಿನ ತುದಿಯ ಸುತ್ತ ಮೂಳೆ ಕರಗಿದ ಕಪ್ಪು ಕಲೆ ನನಗೂ ಕಾಣಿಸಿತು.

"ಹಾಗಾದರೆ ಕೀಳುವುದಾ ಡಾಕ್ಟ್ರೇ?"

"ಯಾಕೆ ಮಾರಾಯ್ರೆ, ಹಲ್ಲು ಗಟ್ಟಿ ಉಂಟಲ್ಲ. ತುದಿ ಮಾತ್ರ ತೆಗೆಯುವ."

1965ರಲ್ಲೇ ಡೆಂಟಲ್ ಕಾಲೇಜು ಶುರುವಾದ ಊರು ಮಣಿಪಾಲ. ಆದರೂ ಹಲ್ಲಿನ ಡಾಕ್ಟರೆಂದರೆ ಕೀಳುವವರು ಎಂಬುದು ನಮ್ಮ ತಲೆಯಿಂದ ಹೋಗಿಲ್ಲ.

ರೂಟ್ ಕೆನಾಲನ್ನೇ ಮತ್ತೆ ಮಾಡಬಹುದಿತ್ತು, ಆದರೆ ಪೋಸ್ಟ್ ಎಳೆಯುವಾಗ ಬೇರು ಸೀಳಬಹುದೆಂಬ ಭಯ. ಹಾಗಾಗಿ ವಸಡಿನ ಕಡೆಯಿಂದ ಹೋದರು. ವಸಡು ಬಿಡಿಸಿ, ಮೂಳೆಯಲ್ಲಿ ಕಿಂಡಿ ತೆರೆದು, ಕೆಟ್ಟದ್ದನ್ನು ಕೆರೆದು, ಬೇರಿನ ತುದಿ ಸುಮಾರು 3 ಮಿ.ಮೀ. ಕತ್ತರಿಸುವುದು. ಬೇರಿನೊಳಗಿನ ಕಾಲುವೆಯ ಸಣ್ಣ ಕವಲುಗಳು ಹೆಚ್ಚಾಗಿ ಇರುವುದು ಅಲ್ಲೇ. ರೂಟ್ ಕೆನಾಲಿನಲ್ಲಿ ಕಾಲುವೆ ಉಜ್ಜುವ ಸಣ್ಣ ಫೈಲು ಆ ಕವಲುಗಳೊಳಗೆ ಹೋಗುವುದಿಲ್ಲ. ಇದಕ್ಕೆ ಎಪಿಕೊಎಕ್ಟಮಿ ಅನ್ನುತ್ತಾರೆ.

ಇಂಜೆಕ್ಷನ್ ಚುಚ್ಚಿದಾಗ ಆದದ್ದೇ ನೋವು. ಆಮೇಲೆ ಬರೀ ಸದ್ದು. ಅಲ್ಟ್ರಾಸಾನಿಕ್ ಕಡ್ಡಿಯ ಕೀರಲು ಕಿವಿಗಲ್ಲ, ನೇರ ಮೂಳೆಗೇ ಕೇಳಿಸುತ್ತದೆ. ಕತ್ತರಿಸಿದ ಬೇರಿನ ತುದಿಯಲ್ಲಿ ಅದು ಕೊರೆದ ತೂತಿಗೆ ಎಂಟಿಎ ತುಂಬಿದರು. 1990ರ ದಶಕದಲ್ಲಿ ಬಂದ ಸಿಮೆಂಟು ಅದು, ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಬಳಗದ್ದೇ. ತೇವ ಇದ್ದಲ್ಲೇ ಗಟ್ಟಿಯಾಗುತ್ತದಂತೆ. ಈ ಆಟಿ ತಿಂಗಳ ಮಳೆಗೆ ಸೋರುವ ನಮ್ಮ ತಾರಸಿಗೂ ಒಂದಿಷ್ಟು ಕೇಳಬೇಕಿತ್ತು.

ಕೆರೆದು ತೆಗೆದದ್ದು ಲ್ಯಾಬಿಗೆ ಹೋಗಿದೆ. ಮುಂದಿನ ವಾರ ಹೊಲಿಗೆ ಬಿಚ್ಚುತ್ತಾರೆ. ಮೂಳೆ ತುಂಬಿಕೊಳ್ಳಲು ತಿಂಗಳುಗಳೇ ಬೇಕು.

ನಾಡಿದ್ದು ಆಟಿ ಅಮಾವಾಸ್ಯೆ, ಹಾಲೆ ಮರದ ಕಹಿ ಕಷಾಯ ಕುಡಿದು ಮೆಂತೆ ಗಂಜಿ ಉಣ್ಣುವ ದಿನ. ಈ ಸಲ ಕಷಾಯ ನನಗೆ ಬೇಡ, ಗಂಜಿ ಮಾತ್ರ ತಣಿಸಿ ಕೊಡಿ ಅಂತ ಅತ್ತೆಗೆ ಚೀಟಿ ಬರೆದು ತೋರಿಸಿದೆ.

"ಕಹಿ ಕುಡಿಯದವಳಿಗೆ ಗಂಜಿ ಎಂಥದಕ್ಕೆ?" ಅಂದರು.