ಕಬ್ಬಾಳದುರ್ಗದಲ್ಲಿ ಚಾರ್ನೊಕೈಟ್ ನೋಡುವುದು ಹೇಗೆ

ಬಿಳಿಗಿರಿರಂಗನ ಬೆಟ್ಟದಲ್ಲಿ ಚಾರ್ನೊಕೈಟ್ ಎಂಬ ಕಡುಹಸಿರು ಕಲ್ಲು ಎಷ್ಟು ಬೇಕಾದರೂ ಸಿಗುತ್ತದೆ. ಆದರೆ ಅದು ಹುಟ್ಟುವ ಬಗೆ ತಿಳಿಯಬೇಕಾದರೆ ಮೊದಲು ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗಕ್ಕೆ ಹೋಗಬೇಕು. ಅಲ್ಲಿನ ಕ್ವಾರಿಯಲ್ಲಿ ಬೂದುಬಣ್ಣದ ಪಟ್ಟೆಪಟ್ಟೆ ನೈಸ್ (ಬಿಸಿ, ಒತ್ತಡಕ್ಕೆ ಸಿಕ್ಕಿ ಮಾರ್ಪಟ್ಟ ಕಲ್ಲು) ಇದೆ, ಅದರೊಳಗೆ ಅಲ್ಲಲ್ಲಿ ಕಡುಹಸಿರು ತೇಪೆಗಳು. ಭೂವಿಜ್ಞಾನಿ ಪಿಚ್ಚಮುತ್ತು ಅವರು 1960ರಲ್ಲಿ ಇವನ್ನು ನೈಸ್ ಚಾರ್ನೊಕೈಟ್ ಆಗುತ್ತಿರುವ ಹಂತವೆಂದು ವಿವರಿಸಿದರು.

ತೇಪೆಯ ಅಂಚನ್ನೇ ಗಮನಿಸಿ. ಹೊರಗಿನಿಂದ ನುಗ್ಗಿದ ಕಲ್ಲಾಗಿದ್ದರೆ ಗೆರೆ ಎಳೆದಂತೆ ಗಡಿ ಇರುತ್ತಿತ್ತು. ಇಲ್ಲಿ ನೈಸ್‌ನ ಪಟ್ಟೆಗಳು ತೇಪೆಯೊಳಕ್ಕೆ ನಡೆದು, ಮಸುಕಾಗಿ, ಅಳಿಸಿಹೋಗುತ್ತವೆ. ಹರಳುಗಳೂ ದಪ್ಪವಾಗುತ್ತವೆ. ಅಂದರೆ ಕಲ್ಲು ಇದ್ದಲ್ಲೇ ಬದಲಾಗಿದೆ.

ಇದು ನಡೆದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ, ಹತ್ತಾರು ಕಿಲೋಮೀಟರ್ ಆಳದಲ್ಲಿ, 700 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ. ಕಪ್ಪು ಅಭ್ರಕವಾದ ಬಯೊಟೈಟ್ ಕ್ವಾರ್ಟ್ಜ್ ಜೊತೆ ವರ್ತಿಸಿ ಹೈಪರ್‌ಸ್ಥೀನ್ (ಚಾರ್ನೊಕೈಟ್‌ನ ಗುರುತಿನ ಖನಿಜ), ಪೊಟ್ಯಾಷ್ ಫೆಲ್ಡ್‌ಸ್ಪಾರ್ ಎಂಬ ಖನಿಜಗಳಾಗುತ್ತದೆ, ನೀರು ಬಿಟ್ಟುಕೊಡುತ್ತದೆ. ಅಷ್ಟು ಬಿಸಿಯಲ್ಲಿ ನೀರು ಹೆಚ್ಚಿದ್ದರೆ ಕಲ್ಲು ಕರಗಿಬಿಡುತ್ತದೆ. ಬಿರುಕುಗುಂಟ ಏರಿಬಂದ ಕಾರ್ಬನ್ ಡೈಆಕ್ಸೈಡ್ ನೀರಿನ ಪ್ರಭಾವವನ್ನು ತಗ್ಗಿಸಿತು ಎಂಬುದು ಬಲವಾದ ವಾದ. ತೇಪೆಗಳು ಬಿರುಕು, ಪಟ್ಟೆಗಳ ಗುಂಟವೇ ಹಬ್ಬಿರುವುದರಿಂದ ನನಗೂ ಇದೇ ಸರಿಯೆನಿಸುತ್ತದೆ.

ಗುರುತಿಸುವಾಗ ಹೊರಮೈಯನ್ನು ನಂಬಲೇಬೇಡಿ. ಬಿಸಿಲು-ಮಳೆಗೆ ಬಿದ್ದ ಚಾರ್ನೊಕೈಟ್ ಕಂದಾಗಿ, ಹಸಿರು ಕಳೆದುಕೊಂಡು ನೈಸ್‌ನಂತೆಯೇ ಕಾಣುತ್ತದೆ. ಸುತ್ತಿಗೆಯಿಂದ ಒಡೆದು ಹೊಸ ಮೈ ನೋಡಿ: ಎಣ್ಣೆ ಸವರಿದಂಥ ಹಸಿರು ಹೊಳಪು, ಕ್ವಾರ್ಟ್ಜ್ ಕೂಡ ಮಬ್ಬು. ಆದರೂ ಬಣ್ಣವೊಂದರಿಂದಲೇ ತೀರ್ಮಾನಕ್ಕೆ ಬರಬಾರದು. ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್‌ನಲ್ಲಿ ಕಂಚುಗಂದು ಹೈಪರ್‌ಸ್ಥೀನ್ ಕಣ ಹುಡುಕಿ. ಅದರ ಎರಡು ಸೀಳುಗಳು (ಹರಳು ಒಡೆಯುವ ಸಮತಲಗಳು) ಹೆಚ್ಚುಕಡಿಮೆ 90 ಡಿಗ್ರಿಯಲ್ಲಿ ಕೂಡುತ್ತವೆ. ಹಾರ್ನ್‌ಬ್ಲೆಂಡ್ ಎಂಬ ಇನ್ನೊಂದು ಕಪ್ಪು ಖನಿಜದಲ್ಲಿ ಈ ಕೋನ 56 ಮತ್ತು 124 ಡಿಗ್ರಿ. ಸೂಜಿಮೊನೆಗೆ ಪದರ ಪದರವಾಗಿ ಎದ್ದರೆ ಅದು ಬಯೊಟೈಟ್.

ಡೊಲೆರೈಟ್ ಡೈಕ್ (ಬಿರುಕಿನೊಳಗೆ ನುಗ್ಗಿ ಗಟ್ಟಿಯಾದ ಕಪ್ಪು ಶಿಲಾರಸದ ಗೋಡೆ) ಕೂಡ ದಾರಿ ತಪ್ಪಿಸುತ್ತದೆ, ಆದರೆ ಅದರ ಅಂಚು ನೇರ, ಕಣ ನವಿರು, ಬರಿಗಣ್ಣಿಗೆ ಕ್ವಾರ್ಟ್ಜ್ ಕಾಣದು. ಸಂಶಯ ಉಳಿದರೆ ತೆಳುಛೇದವೇ (ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದ ಕಲ್ಲಿನ ಚೂರು) ಗತಿ. ಸೂಕ್ಷ್ಮದರ್ಶಕದ ವೇದಿಕೆ ತಿರುಗಿಸಿದಂತೆ ಹೈಪರ್‌ಸ್ಥೀನ್ ನಸುಗುಲಾಬಿಯಿಂದ ನಸುಹಸಿರಿಗೆ ಹೊರಳುತ್ತದೆ. ಮಾದರಿ ತರುವಾಗ ತೇಪೆ, ಅಂಚು, ಪಕ್ಕದ ನೈಸ್ ಮೂರರಿಂದಲೂ ತನ್ನಿ; ಬರೀ ತೇಪೆಯ ತುಂಡಿನಿಂದ ಯಾವುದು ಯಾವುದಾಗಿ ಮಾರ್ಪಟ್ಟಿತು ಎಂದು ಹೇಳಲಾಗದು.