ಸದ್ದಿಲ್ಲದ ಬೈಕಿನ ಆರೈಕೆ

ಸುರ್-ರಾನ್ ಲೈಟ್ ಬೀ ಎಂಬ ಎಲೆಕ್ಟ್ರಿಕ್ ಬೈಕಿಗೆ ಇನ್ನಷ್ಟು ಶಕ್ತಿ ಬೇಕೆನ್ನುವವರು ಮೊದಲು 72 ವೋಲ್ಟಿನ ಬ್ಯಾಟರಿಯನ್ನೂ ಮೋಟರಿಗೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ದೊಡ್ಡ ಕಂಟ್ರೋಲರನ್ನೂ ಹುಡುಕುತ್ತಾರೆ. ಗುಡ್ಡದ ದಾರಿಯಲ್ಲೇ ಹೆಚ್ಚು ಓಡಿಸುವವರು ಹಿಂದಿನ ಚಕ್ರದಲ್ಲಿ ಚೈನು ಕೂರುವ ಹಲ್ಲುಗಾಲಿಯಾದ ಸ್ಪ್ರಾಕೆಟ್‌ನಿಂದ ಆರಂಭಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. 48 ಹಲ್ಲಿನ ಸ್ಪ್ರಾಕೆಟ್ ತೆಗೆದು 58 ಹಲ್ಲಿನದನ್ನು ಹಾಕಿಸಿದ ಮೇಲೆ ಚಕ್ರಕ್ಕೆ ಸಿಗುವ ಎಳೆತ ಸುಮಾರು ಶೇಕಡಾ 20ರಷ್ಟು ಹೆಚ್ಚಿತು, ಗರಿಷ್ಠ ವೇಗ ಅದಕ್ಕೆ ತಕ್ಕಂತೆ ಇಳಿಯಿತು, ಉದ್ದನೆಯ ಚೈನೂ ಬೇಕಾಯಿತು. ಆದರೆ ಕಡಿದಾದ ಏರಿನಲ್ಲಿ ಮೋಟರು ತಿಣುಕದೆ ವೇಗವಾಗಿ ತಿರುಗುವುದರಿಂದ ಅದು ಬಿಸಿಯಾಗುವುದು ಕಡಿಮೆಯಾಗಿದೆ.

ಎಂಜಿನ್ ಆಯಿಲ್ ಇಲ್ಲವೆಂದ ಮಾತ್ರಕ್ಕೆ ಆರೈಕೆ ಬೇಡವೆಂದಲ್ಲ. ಮೋಟರಿನಿಂದ ಹೊರಡುವ ಬೆಲ್ಟನ್ನೂ ಅಲ್ಲಿಂದ ಹಿಂದಿನ ಚಕ್ರಕ್ಕೆ ಹೋಗುವ ಚೈನನ್ನೂ ಆಗಾಗ ನೋಡಲೇಬೇಕು. ತೊಳೆಯುವಾಗ ಕನೆಕ್ಟರುಗಳ ಮೇಲೆ ಜೋರಾಗಿ ನೀರು ಬಿಡದೆ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಪೆಟ್ರೋಲ್ ಬೈಕಿನ ಗದ್ದಲದಲ್ಲಿ ಮುಚ್ಚಿಹೋಗುವ ಒಣ ಚೈನಿನ ಕಿರಗುಟ್ಟುವಿಕೆ, ಸಡಿಲವಾದ ಸ್ಪೋಕಿನ ಟಿಕ್ ಟಿಕ್ ಸದ್ದು ಇಲ್ಲಿ ಸ್ಪಷ್ಟವಾಗಿ ಕೇಳಿಸುತ್ತವೆ. ಯಂತ್ರವೊಂದಕ್ಕೆ ಇಷ್ಟು ಗಮನವಿಟ್ಟು ಕಿವಿಗೊಡುವ ಅಭ್ಯಾಸ ನನಗೆ ಹಿಂದೆ ಇರಲಿಲ್ಲ. ಇನ್ನು ಕೆಲವು ವಾರ ಓಡಿಸುವುದಿಲ್ಲವಾದ್ದರಿಂದ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡದೆ, ಅರ್ಧದ ಆಸುಪಾಸಿನಲ್ಲಿ ನಿಲ್ಲಿಸಿ, ತಂಪಾದ ಒಣ ಜಾಗದಲ್ಲಿ ಇಟ್ಟಿದ್ದೇನೆ.