ಭೂಮಣ್ಣಿ ಬುಟ್ಟಿಯ ಬಿಳಿ ಎಳೆ

ರಾತ್ರಿ ಬೆಂಗಳೂರಿನಲ್ಲಿ ತಾಳಗುಪ್ಪದ ರೈಲು ಹತ್ತಿ ಬೆಳಿಗ್ಗೆ ಸಾಗರದಲ್ಲಿ ಇಳಿದೆ. ಇಳಿದವರಲ್ಲಿ ತುಂಬಾ ಜನ ಜೋಗಕ್ಕೆ ಹೊರಟವರು. "ನೀವೂ ಜೋಗಕ್ಕಾ?" ಅಂತ ಆಟೋದವರು ಕೇಳಿದರು. "ಇಲ್ಲ, ಬುಟ್ಟಿ ನೋಡೋಕೆ" ಎಂದೆ. ಅವರು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಬಾಡಿಗೆ ಹೇಳಿದರು. ಸ್ವಲ್ಪ ಜಾಸ್ತಿಯೇ ಹೇಳಿದರು.

ಮಹಾನವಮಿ ಕಳೆದು ಬರುವ ಹುಣ್ಣಿಮೆ ಇಲ್ಲಿ ಭೂಮಿ ಹುಣ್ಣಿಮೆ. ಬೇರೆ ಕಡೆ ಇದನ್ನೇ ಸೀಗೆ ಹುಣ್ಣಿಮೆ ಅನ್ನುತ್ತಾರೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತದೆ. ಅಂದರೆ ಭೂಮಿ ಬಸುರಿ. ಬಸುರಿಗೆ ಬಯಕೆ ಊಟ ಹಾಕಬೇಕಲ್ವಾ? ಆ ಊಟವನ್ನು ಗದ್ದೆಗೆ ಹೊತ್ತೊಯ್ಯುವುದೇ ಭೂಮಣ್ಣಿ ಬುಟ್ಟಿ. ಇಲ್ಲಿನ ದೀವರು ಸಮುದಾಯದ ಮನೆಗಳ ಹೆಂಗಸರು ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಮದುವೆಯಲ್ಲಿ ಹಸೆಗೋಡೆಗೆ, ಅಂದರೆ ಮದುಮಕ್ಕಳನ್ನು ಕೂರಿಸುವ ಕಡೆಯ ಗೋಡೆಗೆ, ಬರೆಯುವುದೂ ಇದೇ ಕೈ.

ನಾನು ಕಂಪ್ಯೂಟರಿನಲ್ಲಿ ಪೋಸ್ಟರ್ ಮಾಡಿ ಹೊಟ್ಟೆ ಹೊರೆಯುವವನು. ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳನ್ನು ಬರೆದುಕೊಂಡೇ ಹೋಗಿದ್ದೆ. ಮೊದಲನೆಯದು: ನಿಮಗೆ ಸ್ಫೂರ್ತಿ ಏನು?

ಸಾಗರದ ಹೊರಗೆ, ಅಡಿಕೆ ತೋಟದ ಅಂಚಿನ ಮನೆ. ಹಬ್ಬಕ್ಕೆ ಇನ್ನೂ ಮೂರು ದಿನವಿತ್ತು. ಜಗಲಿಯಲ್ಲಿ ಆ ಮನೆಯ ಅಮ್ಮ, ಚಿತ್ತಾರ ಬರೆಯುವವರು, ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಎರಡು ಬಿದಿರು ಬುಟ್ಟಿ, ಒಂದು ದೊಡ್ಡದು, ಒಂದು ಚಿಕ್ಕದು. ಮೊದಲು ಸಗಣಿ ಬಳಿದು, ಒಣಗಿದ ಮೇಲೆ ಕೆಮ್ಮಣ್ಣು ಸಾರಿಸಿದ್ದರು. ಒಂದು ತೆಂಗಿನ ಕರಟದಲ್ಲಿ ಬಿಳಿ ಬಣ್ಣ. ನೆನೆಸಿದ ಅಕ್ಕಿಯನ್ನು ಅರೆದದ್ದು, ಅಷ್ಟೇ. ಕುಂಚ ಎಂದರೆ ಪುಂಡಿ ನಾರಿನ ಒಂದು ಎಳೆಕಟ್ಟು. ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಡಿಸಿಕೊಂಡರು.

ಹಸೆಗೋಡೆಗಾದರೆ ಇನ್ನೆರಡು ಬಣ್ಣ ಬೇಕು. ಅಕ್ಕಿಯನ್ನು ಕಪ್ಪಾಗುವ ತನಕ ಹುರಿದು ಅರೆದರೆ ಕಪ್ಪು. ಹಳದಿಗೆ ಗುರಿಗೆ ಬೀಜ. ಒಂದೇ ಅಕ್ಕಿಯಿಂದ ಬಿಳಿಯೂ ಕಪ್ಪೂ! ನನ್ನ ಪರದೆಯಲ್ಲಿ ಲಕ್ಷಗಟ್ಟಲೆ ಬಣ್ಣ ಇದ್ದೂ ಎರಡನ್ನು ಆರಿಸಲು ಮಧ್ಯಾಹ್ನವೆಲ್ಲ ಕಳೆಯುತ್ತೇನೆ.

"ಅಮ್ಮಾ, ಇದೆಲ್ಲ ಎಲ್ಲಿಂದ ಹೊಳೆಯುತ್ತದೆ?" ಅಂತ ಕೇಳಿದೆ.

"ಎಂತದು ಹೊಳೆಯೋದು ತಮಾ? ಸ್ವಲ್ಪ ಆ ಕಡೆ ಸರಿ, ಬೆಳಕಿಗೆ ಅಡ್ಡ ಕೂತಿದ್ದೀಯ" ಅಂದರು.

ಸರಿದು ಕೂತೆ. ನೋಟ್‌ಬುಕ್ಕು ಮುಚ್ಚಿದೆ. ಆಮೇಲೆಯೇ ಸರಿಯಾಗಿ ನೋಡತೊಡಗಿದ್ದು.

ಸ್ಕೇಲಿಲ್ಲ, ಪೆನ್ಸಿಲ್ಲಿಲ್ಲ. ಬುಟ್ಟಿಯ ಮೇಲೆ ಒಮ್ಮೆ ಗೇಣು ಹಾಕಿದರು. ಮೊದಲು ಸುತ್ತಲಿನ ಕಟ್ಟು. ಬಳಿಕ ಅದರೊಳಗೆ ಅಡ್ಡ ಗೆರೆ, ಓರೆ ಗೆರೆ. ಗೆರೆ ಎಳೆಯುವಾಗ ಕೈಬೆರಳು ಅಲುಗುವುದಿಲ್ಲ, ಇಡೀ ತೋಳು ನಿಧಾನವಾಗಿ ಹಿಂದೆ ಬರುತ್ತದೆ. ನಾರು ಬಣ್ಣ ಬಿಡುವಷ್ಟು ಹೊತ್ತು ಮಾತು ನಿಲ್ಲುತ್ತದೆ. ಮತ್ತೆ ಕರಟಕ್ಕೆ ಅದ್ದುವಾಗ ಶುರು: ಮಗಳ ಮನೆ, ಮಂಗನ ಕಾಟ, ಅಡಿಕೆ ರೇಟು.

"ಇದು ಏಣಿ. ಇದು ಜೋಗಿ ಜಡೆ. ಇದು ಸಸಿ" ಎಂದು ಒಂದೊಂದಾಗಿ ತೋರಿಸಿದರು. ಏಣಿ ಅಟ್ಟಕ್ಕೆ ಒರಗಿಸಿಟ್ಟಿತ್ತು. ಸಸಿ ಅಂಗಳದಾಚೆಯ ಗದ್ದೆಯಲ್ಲಿತ್ತು. ಬುಟ್ಟಿಯ ಬಿದಿರು ಹೆಣಿಗೆಯೇ ಬಿಳಿ ಗೆರೆಯಾಗಿ ಮತ್ತೆ ಮೇಲೆದ್ದು ಬಂದಂತಿತ್ತು. ನಾನು ಕೇಳಿದ ಪ್ರಶ್ನೆಗೆ ಉತ್ತರ ಸುತ್ತಲೂ ಬಿದ್ದಿತ್ತು, ನಾನು ಅದರ ಬೆಳಕಿಗೆ ಅಡ್ಡ ಕೂತಿದ್ದೆ!

ಇನ್ನೊಂದು ಮಾತು. ಅವರು ಚಿತ್ತಾರ 'ಬಿಡಿಸೋದು' ಅನ್ನಲೇ ಇಲ್ಲ, 'ಬರೆಯೋದು' ಅನ್ನುತ್ತಿದ್ದರು. ನೋಡುತ್ತಾ ಕೂತರೆ ಅದು ಬರವಣಿಗೆಯೇ ಅನ್ನಿಸುತ್ತದೆ. ಎಡದಿಂದ ಸಾಲು ಸಾಲಾಗಿ ಸಾಗುತ್ತದೆ.

ಒಂದು ಗೆರೆ ನನಗೂ ಕೊಟ್ಟರು. ಅರ್ಧಕ್ಕೇ ತೊಟ್ಟಿಕ್ಕಿ ಹೊಟ್ಟೆ ಬಂತು. ಅವರು ಒದ್ದೆ ಬಟ್ಟೆಯಲ್ಲಿ ಒರೆಸಿ, ಅಲ್ಲಿ ಕೆಮ್ಮಣ್ಣು ತೀಡಿ, ಏನೂ ಹೇಳದೆ ಮುಂದುವರಿದರು. ಬಯ್ದಿದ್ದರೆ ಚೆನ್ನಾಗಿತ್ತು.

ಊರಲ್ಲಿ ಈಗ ಮಣ್ಣಿನ ಗೋಡೆ ಕಡಿಮೆ. ಸಿಮೆಂಟಿನ ಮೇಲೆ ಕೆಮ್ಮಣ್ಣು ಕಚ್ಚುವುದಿಲ್ಲ. ಹಾಗಾಗಿ ಮದುವೆಗೆ ಹಲಗೆಯ ಮೇಲೋ ಬಟ್ಟೆಯ ಮೇಲೋ ಬರೆದು ತೂಗುಹಾಕುವುದುಂಟು. ಅಂಗಡಿಯ ಬಣ್ಣದಲ್ಲಿ ಬರೆದು, ಕಟ್ಟು ಹಾಕಿಸಿ ಮಾರುವವರೂ ಇದ್ದಾರೆ. ಅದು ಹಾಳಾಯ್ತು ಇದು ಹಾಳಾಯ್ತು ಎಂದು ಕೊರಗಲು ನನಗೆ ಮನಸ್ಸಿಲ್ಲ. ಕೈಗೆ ನಾಲ್ಕು ಕಾಸು ಬಂದರೆ ಕೈ ಉಳಿಯುತ್ತದೆ.

ಹಬ್ಬದ ಹಿಂದಿನ ರಾತ್ರಿ ಆ ಮನೆಯ ಹೆಂಗಸರು ಮಲಗಲೇ ಇಲ್ಲ. ಕಡುಬು, ಬಗೆಬಗೆಯ ಸೊಪ್ಪು, ಗದ್ದೆಗೆ ಬೀರುವ ಹಚ್ಚಂಬಲಿ. ಇನ್ನೂ ಕತ್ತಲಿರುವಾಗಲೇ ಮನೆಯವರು ಬುಟ್ಟಿ ಹೊತ್ತು ಗದ್ದೆಗೆ ಹೊರಟರು. ದೊಂದಿಯ ಬೆಳಕಿನಲ್ಲಿ ಬುಟ್ಟಿಯ ಬಿಳಿ ಗೆರೆ ಮಾತ್ರ ಕಾಣುತ್ತಿತ್ತು. ಹೊತ್ತವರು ಕಾಣುತ್ತಿರಲಿಲ್ಲ. ಫೋಟೋ ತೆಗೆದೆ, ಬರೀ ಮಬ್ಬು.

ಹೊರಡುವಾಗ ಅಮ್ಮ ಒಂದು ಪುಂಡಿ ನಾರಿನ ಕುಂಚ ಕೊಟ್ಟರು. ಬೆಂಗಳೂರಿಗೆ ಬಂದ ಭಾನುವಾರವೇ ಕಂದು ಬಣ್ಣದ ಹಾಳೆಯ ಮೇಲೆ ಏಣಿ ಬರೆದೆ. ಸಂಜೆಗೆ ಬಿಳಿಯೆಲ್ಲ ಪುಡಿಪುಡಿಯಾಗಿ ಮೇಜಿನ ಮೇಲೆ ಉದುರಿತ್ತು. ಫೋನ್ ಮಾಡಿದೆ.

"ಅಕ್ಕಿ ಎಷ್ಟು ಹೊತ್ತು ನೆನೆಸಿದ್ದೆ?"

"ನೆನೆಸಿಲ್ಲಮ್ಮಾ, ಪ್ಯಾಕೆಟ್ ಹಿಟ್ಟು ಕಲಸಿದೆ."

ಆ ಕಡೆಯಿಂದ ನಗು. ಪಕ್ಕದಲ್ಲಿದ್ದವರಿಗೂ ಹೇಳಿದರು ಅಂತ ಕಾಣುತ್ತದೆ, ಅವರೂ ನಕ್ಕರು.